ಬೆಕ್ಕು ಹಾಯುವಷ್ಟು ಜಾಗ

ನಮ್ಮೂರಿನಲ್ಲಿ ಯಾರದಾದರೂ ಮನೆ ಎಲ್ಲಿ ಎಂದು ಕೇಳಿದರೆ, "ಹ್ವಾದ ವಾರ ಬಾವಿ ಹತ್ರ ಇತ್ತು, ಈಗ ಗೊತ್ತಿಲ್ರಿ" ಎನ್ನುತ್ತಾರೆ. ಮನೆಯೊಳಗಿನವರ ಆಸೆ ಯಾವ ಕಡೆ ಎಳೆಯುತ್ತದೋ ಆ ಕಡೆಗೆ, ಎಲ್ಲರೂ ಮಲಗಿರುವಾಗ, ಮನೆಗಳು ಸದ್ದಿಲ್ಲದೆ ಸರಿಯುತ್ತವೆ. ಆಸೆ ಸಣ್ಣದಿದ್ದರೆ ಗೇಣು, ಜೋರಾಗಿದ್ದರೆ ಮೊಳ. ಒಂದು ಮನೆಯಲ್ಲಿ ನಾಲ್ಕು ಜನರಿದ್ದರೆ ಯಾರ ಆಸೆ ಗಟ್ಟಿಯೋ ಅವರ ಮಾತನ್ನು ಮನೆ ಕೇಳುತ್ತದೆ. ಬೇರೆ ಊರಿನಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳು ಮೊದಮೊದಲು ಗಾಬರಿಯಾಗುತ್ತಾರೆ. ಆಮೇಲೆ ಅವರೂ ನೆಲದಲ್ಲಿ ಗಿಡ ನೆಡುವುದನ್ನು ಬಿಟ್ಟು ಎಣ್ಣೆಯ ಡಬ್ಬಿ, ಒಡೆದ ಬಕೆಟ್ಟುಗಳಲ್ಲಿ ನೆಡುವುದನ್ನು ಕಲಿಯುತ್ತಾರೆ. ಮನೆ ಹೋದ ಕಡೆ ಗಿಡವೂ ಹೋಗಬೇಕಲ್ಲ.

ನಾನು ಈ ಊರಿನ ಲೈನ್‌ಮನ್, ಹೆಸರು ಚನ್ನವೀರ. ಮನೆ ಸರಿದು ಕಂಬದಿಂದ ಬಂದ ತಂತಿ ಬಿಗಿಯಾಯಿತೆಂದರೆ ನನಗೆ ಕರೆ ಬರುತ್ತದೆ. ಹೋಗಿ ಏಣಿ ಹಾಕಿ, ತಂತಿ ಉದ್ದ ಮಾಡಿ, ಮುಂದಿನ ಸಲಕ್ಕೆಂದು ಒಂದಿಷ್ಟು ಸಡಿಲು ಬಿಟ್ಟು ಬರುತ್ತೇನೆ. ಏಣಿಯ ಮೇಲಿನಿಂದ ನೋಡಿದರೆ ಇಡೀ ಊರಿನ ಮನಸ್ಸು ಕಾಣುತ್ತದೆ. ಹೋಳಿಗೆಯ ಆಸೆಗೆ ಅತ್ತೆಯ ಮನೆಯ ಹಿತ್ತಿಲಿಗೇ ಬಂದು ನಿಂತ ಅಳಿಯನ ಮನೆ, ಸಂಗೀತ ಹೇಳಿಕೊಡುವ ಹೆಂಗಸಿನ ಕಿಟಕಿಯ ಎದುರಿಗೆ ಬಂದ ಪೋಸ್ಟ್ ಮಾಸ್ತರರ ಮನೆ, ಎಲ್ಲವನ್ನೂ ನಾನೇ ಮೊದಲು ನೋಡುವುದು. ನೋಡಿ ನಗುತ್ತಿದ್ದೆ. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಬೇರೆಯವರ ತಟ್ಟೆಯ ನೊಣ ಹುಡುಕುವ ಜಾತಿಯವನು ನಾನು. ನನ್ನ ಮನೆ ತಿಮ್ಮಣ್ಣನ ಸಾರಾಯಿ ಅಂಗಡಿಯ ಹಿಂಗೋಡೆಯ ಹತ್ತಿರ ಬಂದು ನಿಂತಿತ್ತು.

ಹತ್ತಿರ ಬಂದರೆ ಅಡ್ಡಿಯಿಲ್ಲ, ತಾಗಬಾರದು. ಗೋಡೆಗೆ ಗೋಡೆ ತಾಗಿದರೆ ಎರಡೂ ಕೂಡಿಕೊಂಡುಬಿಡುತ್ತವೆ, ಆಮೇಲೆ ಆ ಮನೆ ಎಂದೂ ಅಲ್ಲಾಡುವುದಿಲ್ಲ. ಇಸ್ಪೀಟು ಕ್ಲಬ್ಬಿಗೆ ತಾಗಿದ ಮೂರು ಮನೆಗಳು ಈಗಲೂ ಹಾಗೇ ಇವೆ. ಆ ಮನೆಗಳ ಹೆಂಗಸರು ಅನ್ನ ಬಸಿಯುವಾಗಲೂ ಎಲೆ ಕಲೆಸುವ ಸದ್ದು ಕೇಳುತ್ತಲೇ ಇರಬೇಕು. ಆಡುತ್ತಿದ್ದ ಗಂಡಸರಲ್ಲಿ ಇಬ್ಬರು ತೀರಿಕೊಂಡ ಮೇಲೂ ಮನೆಗಳು ಹಿಂದಕ್ಕೆ ಬರಲಿಲ್ಲ.

ಒಂದು ದಿನ ತಿಮ್ಮಣ್ಣ ನನ್ನ ಗ್ಲಾಸು ತುಂಬಿಸುತ್ತಾ ಬಹಳ ಪ್ರೀತಿಯಿಂದ ಹೇಳಿದ, "ಚನ್ನವೀರಣ್ಣ, ನಿನ್ನ ಗ್ವಾಡಿ ನನ್ನ ಗ್ವಾಡಿ ಕೂಡಿದ ಮ್ಯಾಲೆ ನಡುವ ಒಂದು ಕಿಟಕಿ ಹಾಕಿಸಿಬಿಡೂಣು. ಮಳಿಗಾಲದಾಗ ನೀನು ತೋಯಿಸ್ಕೊಂಡು ಬರೂದು ತಪ್ತೈತಿ. ಕುಂತಲ್ಲೇ ಕೊಡ್ತೇನಿ."

ಎಂಥ ಉಪಕಾರ ಎಂದುಕೊಂಡು ನಾನು ಅದನ್ನು ಮನೆಗೆ ಬಂದು ಹೆಂಡತಿಗೆ ಖುಷಿಯಿಂದಲೇ ಹೇಳಿದೆ. ದಾಕ್ಷಾಯಣಿ ಜಂಪರ್ ಹೊಲಿಯುತ್ತಿದ್ದಳು. ಹೊಲಿಗೆ ಯಂತ್ರ ನಿಂತಿತು. ಎದ್ದು ಹಿತ್ತಿಲ ಬಾಗಿಲು ತೆರೆದು ಎರಡು ಗೋಡೆಗಳ ನಡುವಿನ ಸಂದಿಯನ್ನು ನೋಡುತ್ತಾ ನಿಂತಳು. ಅಷ್ಟರಲ್ಲಿ ಓಣಿಯ ಬೂದು ಬೆಕ್ಕೊಂದು ಮೈ ಉದ್ದ ಮಾಡಿಕೊಂಡು ಆ ಸಂದಿಯಿಂದ ಈಚೆಗೆ ಬಂತು.

"ಒಂದು ಕಾಲಕ್ಕ ಇದರಾಗ ಚಕ್ಕಡಿ ಹಾಯ್ತಿತ್ತು," ಎಂದಳು. "ಆಮ್ಯಾಲೆ ನಾನು ಹಾಯ್ತಿದ್ದೆ. ಈಗ ಬೆಕ್ಕು ಹಾಯ್ತೈತಿ. ಬೆಕ್ಕು ಹಾಯೂದು ನಿಂತ ದಿವಸ ನಾನು ನನ್ನ ಕರಿಬೇವಿನ ಡಬ್ಬಿ ತಗೊಂಡು ತವರಿಗೆ ಹೊಂಟೆ. ನೀವು ಕಿಟಕಿ ಹಾಕಿಸ್ಕೊಂಡು ಆರಾಮ ಇರ್ರಿ."

ಕರಿಬೇವು ಅವಳು ತವರಿನಿಂದ ಸಸಿ ತಂದು ಗೋಡೆ ಬಣ್ಣದ ದೊಡ್ಡ ಡಬ್ಬಿಯಲ್ಲಿ ಬೆಳೆಸಿದ್ದು. ಬೇರಿಗೆ ಜಾಗವಿಲ್ಲದೆ ಡಬ್ಬಿಯ ಒಂದು ಬದಿ ಉಬ್ಬಿಕೊಂಡಿತ್ತು. ಅವಳು ಕೂಗಾಡಿದ್ದರೆ ನಾನೂ ಕೂಗಾಡಿ ಮುಗಿಸುತ್ತಿದ್ದೆ. ಅವಳು ಮತ್ತೆ ಯಂತ್ರದ ಮುಂದೆ ಕೂತು ಹೊಲಿಗೆ ಮುಂದುವರಿಸಿದಳು, ನನಗೆ ನಿಜವಾಗಿ ಹೆದರಿಕೆಯಾಯಿತು. ಹೆದರಿಕೆ ತಾಳಲಾರದೆ ಅವತ್ತು ಸಂಜೆ ಮತ್ತೆ ತಿಮ್ಮಣ್ಣನಲ್ಲಿಗೆ ಹೋದೆ. ಕುಡಿಯುವವನ ಲೆಕ್ಕಾಚಾರ ಹೀಗೇ ಇರುತ್ತದೆ. ಒಬ್ಬನೇ ಹಲ್ಲು ಕಚ್ಚಿ ಬಿಡಲು ಎಷ್ಟೋ ಸಲ ನೋಡಿದ್ದೆ. ಬಿಟ್ಟ ರಾತ್ರಿ ಮನೆ ತೆಪ್ಪಗಿರುತ್ತಿತ್ತು, ಮರುರಾತ್ರಿ ಎರಡರಷ್ಟು ಸರಿಯುತ್ತಿತ್ತು.

ಹೀಗಿರುವಾಗ ಗಾದಿ ಹೊಲಿಯುವ ರಾಜೇಸಾಬನಿಂದ ಕರೆ ಬಂತು. ಅವನ ಮನೆ ಅದೇ ಅಂಗಡಿಯ ಇನ್ನೊಂದು ಬದಿಯಲ್ಲಿತ್ತು, ಕುಡಿತದಲ್ಲಿ ಅವನು ನನಗಿಂತ ಹಿರಿಯ. ತಂತಿ ಬಿಗಿಯಾಗಿದೆ ಎಂದರೆ ಇನ್ನೇನು, ಗೋಡೆ ತಾಗಿಯೇ ಹೋಯಿತು ಎಂದುಕೊಂಡು ಹೋದೆ. ಏಣಿ ಹತ್ತಿ ನೋಡಿದರೆ ತಂತಿ ಎಳೆದಿದ್ದು ಆಚೆ ಕಡೆಗೆ. ಅವನ ಮನೆ ಅಂಗಡಿಯನ್ನು ಬಿಟ್ಟು ಹಿಂದಕ್ಕೆ ಹೊರಟಿತ್ತು, ನಡುವೆ ಎರಡು ಎಮ್ಮೆ ಜೋಡಿಯಾಗಿ ನಿಲ್ಲುವಷ್ಟು ಜಾಗವಾಗಿತ್ತು.

"ಇದೇನು ರಾಜೇಸಾಬ, ಯಾರರ ಮಂತ್ರ ಹಾಕಿದ್ರೇನು?"

"ಮಂತ್ರಿಲ್ಲ, ಮದ್ದಿಲ್ಲ. ಕುಡಿಯೂದು ಬಿಟ್ಟವ್ರು, ಬಿಡಬೇಕನ್ನವ್ರು ಗುರುವಾರ ಸಂಜಿಮುಂದ ಒಂದ್ಕಡೆ ಕೂಡ್ತೇವಿ."

"ಕೂಡಿ ಏನ ಮಾಡ್ತೀರಿ?"

"ಮಾತಾಡ್ತೇವಿ. ಚಾ ಕುಡೀತೇವಿ."

"ಅಷ್ಟ?"

"ಅಷ್ಟ. ಈ ಗುರುವಾರ ನೇಕಾರ ಓಣ್ಯಾಗ ಮಗ್ಗದ ಶೆಡ್ಡಿನಾಗ ಐತಿ. ಬರೂದಾದ್ರ ಕುಂದ್ರಾಕ ಏನಾರ ತಗೊಂಡು ಬಾ."

ಚಹಾ ಕುಡಿದು ಸಾರಾಯಿ ಬಿಡುವುದೆಂದರೆ ನನಗೆ ನಗು ಬಂತು. ಆ ಗುರುವಾರ ಹೋಗಲಿಲ್ಲ. ಆದರೆ ಅದಾದ ಎರಡು ಮೂರು ದಿನಕ್ಕೆ ಬೆಕ್ಕು ಸಂದಿಯಲ್ಲಿ ಸಿಕ್ಕಿಕೊಂಡು ಒದರಿತು. ಹೊಟ್ಟೆ ಎಳೆದುಕೊಂಡು, ಕೂದಲನ್ನೆಲ್ಲ ಗೋಡೆಗೆ ಒರೆಸಿ ಹೇಗೋ ಈಚೆಗೆ ಬಂತು. ದಾಕ್ಷಾಯಣಿ ಅದಕ್ಕೆ ಒಂದಿಷ್ಟು ಹಾಲು ಹಾಕಿ, ನನ್ನ ಮುಖವನ್ನೂ ನೋಡದೆ ಒಳಗೆ ಹೋದಳು. ಮುಂದಿನ ಗುರುವಾರ ಸಂಜೆ ನಾನು ತಲೆ ಬಾಚಿಕೊಂಡು ನೇಕಾರ ಓಣಿಗೆ ಹೋದೆ.

ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ಕಂಡಿಕೆಗೆ ನೂಲು ಸುತ್ತುತ್ತಿದ್ದ ಒಬ್ಬ ಮುದುಕಿ ಮಾತ್ರ ಇದ್ದಳು. "ಅದು ಹ್ವಾದ ವಾರ ಇತ್ತೋ ಯಪ್ಪಾ," ಎಂದಳು. "ಅವ್ರು ಒಂದ ಜಾಗಾದಾಗ ಮುಂದಿನ ವಾರ ಮತ್ತ ಕೂಡಂಗಿಲ್ಲ. ಈಗ ಎಲ್ಲಿ ಅದಾರೋ ನನಗ ಗೊತ್ತಿಲ್ಲ."

ನಾನು ಹೊರಗೆ ಬಂದು ನಿಂತೆ. ರಾಜೇಸಾಬನ ಮನೆಗೆ ಹೋಗಿ ಕೇಳಬಹುದಿತ್ತು, ಆದರೆ ಅವನೂ ಅವರು ಕೂಡಿದ ಕಡೆಗೇ ಹೋಗಿರುತ್ತಾನೆ. ದೇವರೇ ಬೇಡ ಎಂದ ಮೇಲೆ ನಾನೇನು ಮಾಡಲಿ ಎನ್ನಿಸಿತು, ಹಾಗೆ ಅನ್ನಿಸಿದ್ದೇ ತಡ ಮನಸ್ಸು ಹಗುರವಾಯಿತು, ಕಾಲುಗಳು ತಿಮ್ಮಣ್ಣನ ಅಂಗಡಿಯ ದಾರಿ ಹಿಡಿದವು. ಅರ್ಧ ದಾರಿಯಲ್ಲಿ ಹಿಟ್ಟಿನ ಗಿರಣಿಯಿದೆ. ಗುರುವಾರ ಅದಕ್ಕೆ ರಜೆ. ಮುಚ್ಚಿದ ಗಿರಣಿಯೊಳಗಿನಿಂದ ಜನ ಜೋರಾಗಿ ನಗುತ್ತಿರುವುದು ಕೇಳಿಸಿತು, ಅದರಲ್ಲಿ ರಾಜೇಸಾಬನ ಕೆಮ್ಮು ಬೆರೆತ ನಗುವೂ ಇತ್ತು. ಕುಡಿತ ಬಿಟ್ಟವರು ಕೂತು ಅಳುತ್ತಿರುತ್ತಾರೆ ಎಂದು ನಾನು ತಿಳಿದಿದ್ದೆ. ಬಾಗಿಲು ತಳ್ಳಿದೆ.

ಒಳಗೆ ಏಳೆಂಟು ಮಂದಿ ಇದ್ದರು. ಒಬ್ಬ ಮಣೆಯ ಮೇಲೆ, ಒಬ್ಬ ಹಳೆಯ ಟಯರಿನ ಮೇಲೆ, ರಾಜೇಸಾಬ ಸುತ್ತಿದ ಗಾದಿಯ ಮೇಲೆ, ಎಲ್ಲರೂ ತಾವು ತಂದುಕೊಂಡ ಆಸನಗಳ ಮೇಲೆ ಕೂತಿದ್ದರು. ಗಾಳಿಗೆ ಹಿಟ್ಟು ಹಾರಿ ಎಲ್ಲರ ಹುಬ್ಬುಗಳೂ ಬೆಳ್ಳಗಾಗಿದ್ದವು. ನಡುವೆ ಮಡಿಚುವ ಕುರ್ಚಿಯ ಮೇಲೆ ಸುಭದ್ರಾ ಅಕ್ಕೋರು ಕೂತಿದ್ದರು. ಶಾಲೆಯಲ್ಲಿ ನನಗೆ ಮಗ್ಗಿ ಕಲಿಸಿದವರು. ಇವರಿಗೆಲ್ಲ ಬುದ್ಧಿ ಹೇಳಲು ಬಂದಿದ್ದಾರೆ ಎಂದುಕೊಂಡು ನಾನು ಕೈಕಟ್ಟಿ ನಿಂತೆ.

"ಬಾ ಚನ್ನವೀರ. ಕುಂದ್ರಾಕ ಏನ ತಂದೀ?"

"ಏನೂ ತಂದಿಲ್ರಿ ಅಕ್ಕೋರ."

"ಹೊಸಬರು ಯಾರೂ ತರಂಗಿಲ್ಲ," ಎಂದು ಅವರು ಪಕ್ಕದಲ್ಲಿದ್ದ ತಗಡಿನ ಬಕೆಟ್ಟನ್ನು ಬೋರಲು ಹಾಕಿ ನನ್ನ ಕಡೆಗೆ ಸರಿಸಿದರು. ಪ್ರತಿ ವಾರ ಯಾರಾದರೂ ಒಬ್ಬರು, ಹೊಸಬರು ಬಂದರೆ ಇರಲಿ ಎಂದು, ಒಂದು ಹೆಚ್ಚಿನ ಆಸನ ತರುವುದು ಅಲ್ಲಿಯ ಪದ್ಧತಿ. ಯಾರೂ ಬರದಿದ್ದರೆ ಅದನ್ನು ಹಾಗೇ ಹೊತ್ತುಕೊಂಡು ಹೋಗುತ್ತಾರೆ.

ಇಲ್ಲಿ ಯಾರೂ ಹೆಸರು ಹೇಳಬೇಕಾಗಿಲ್ಲ, ಆಡಿದ್ದು ಹೊರಗೆ ಹೋಗುವುದಿಲ್ಲ ಎಂದರು. ನನಗೆ ಒಳಗೊಳಗೇ ನಗು. ಅಷ್ಟೂ ಜನರ ಮನೆಯ ತಂತಿಯನ್ನು ನಾನೇ ಎಳೆದುಕಟ್ಟಿದ್ದೆ. ಅಕ್ಕೋರು ಮಾತು ಶುರು ಮಾಡಿದಾಗ ಆ ನಗು ನಿಂತಿತು. "ನಾನು ಸಾಲ್ಯಾಗ ಇದ್ದಾಗ ನೀರಿನ ಬಾಟ್ಲಿಯೊಳಗ ಹಾಕ್ಕೊಂಡು ಹೋಗ್ತಿದ್ದೆ," ಎಂದರು, ಹಾಜರಿ ಕರೆಯುವಷ್ಟು ಸಹಜವಾಗಿ. "ಮಕ್ಕಳಿಗೆ ವಾಸನಿ ಬರಬಾರದಂತ ಇಡೀ ದಿನ ಯಾಲಕ್ಕಿ ಅಗೀತಿದ್ದೆ." ಅವರು ನನ್ನ ಪಾಟಿಯ ಮೇಲೆ ಬಾಗಿದಾಗೆಲ್ಲ ಬರುತ್ತಿದ್ದ ಯಾಲಕ್ಕಿಯ ಪರಿಮಳ ನೆನಪಾಯಿತು. ದೊಡ್ಡ ವಿದ್ಯೆ ಕಲಿತವರ ಬಾಯಿ ಹಾಗೆ ಘಮಘಮ ಅನ್ನುತ್ತದೆ ಎಂದು ನಾವು ಹುಡುಗರು ನಂಬಿದ್ದೆವು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ, ಬಹಳ ಅಕ್ಕರೆ ಬಂತು.

ನನ್ನ ಸರದಿ ಬಂತು. "ನನ್ನ ಮನಿ ಹಿಂದ ಬೆಕ್ಕು ಹಾಯೂವಷ್ಟ ಜಾಗ ಉಳದೈತ್ರಿ," ಎಂದೆ. "ಅದೂ ಈಗ ಸಿಕ್ಕೊಳ್ಳಾಕ ಹತ್ತೈತಿ." ಅಷ್ಟಕ್ಕೇ ಅಳು ಬಂತು. ಯಾರೂ ಸಮಾಧಾನ ಹೇಳಲಿಲ್ಲ. ಟಯರಿನ ಮೇಲೆ ಕೂತವನು, "ನಂದು ಬರೇ ಕೈ ಹೋಗೂವಷ್ಟ ಉಳದಿತ್ತಪಾ," ಎಂದ. ಆ ಒಂದು ಮಾತು ನನಗೆ ಔಷಧದಂತೆ ತಾಗಿತು. ಆಮೇಲೆ ಚಹಾ ಬಂತು, ಚುರುಮುರಿ ಬಂತು, ರಾಜೇಸಾಬ ತಾನು ಕುಡಿದು ಬಂದು ಬೇರೆಯವರ ಮನೆಯ ಗಾದಿ ಬಿಚ್ಚಿ ಹೊಲಿದು ಕೊಟ್ಟ ಕಥೆ ಹೇಳಿದ, ಹಿಟ್ಟು ಹಾರುವಂತೆ ನಕ್ಕೆವು. ಎದ್ದು ಹೊರಡುವ ಮುಂಚೆ ಮುಂದಿನ ವಾರದ ಜಾಗ ಯಾವುದೆಂದು ನನಗೆ ಎರಡು ಸಲ ಹೇಳಿ, ನನ್ನ ಬಾಯಿಂದ ಒಂದು ಸಲ ಹೇಳಿಸಿದರು. ಅವತ್ತು ನಾನು ತಿಮ್ಮಣ್ಣನಲ್ಲಿಗೆ ಹೋಗಲಿಲ್ಲ.

ಮನೆ ಅಷ್ಟು ಬೇಗ ನಂಬುವುದಿಲ್ಲ. ಆ ವಾರ ಅದು ನಿಂತಲ್ಲೇ ನಿಂತಿತ್ತು. ಕುಡಿತವಿಲ್ಲದ ಕೈಯಿಂದ ಕೆಲಸದಲ್ಲಿ ಎರಡು ಸಲ ಇಕ್ಕಳ ಜಾರಿ ಬಿತ್ತು. ಎರಡನೇ ಗುರುವಾರವಾದ ಮೇಲೆ ಒಂದು ಬೆಳಿಗ್ಗೆ ಬೆಕ್ಕು ಬಾಲ ಎತ್ತಿಕೊಂಡು ಸಲೀಸಾಗಿ ಬಂದದ್ದನ್ನು ದಾಕ್ಷಾಯಣಿ ನೋಡಿದಳು. ಮತ್ತೊಂದಿಷ್ಟು ದಿನಕ್ಕೆ ಅವಳು ಬಕೆಟ್ಟು ಹಿಡಿದು ಆ ಸಂದಿಯಲ್ಲಿ ಹಾದು ಬಂದಳು, ಆಮೇಲೆ ಯಾರದೋ ಸೌದೆಯ ಚಕ್ಕಡಿಯೂ ಹಾಯಿತು. ತಿಮ್ಮಣ್ಣ ಅಂಗಡಿಯ ಹಿಂದೆ ನಿಂತು ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದ.

ನನಗೆ ಹುಚ್ಚೇ ಹಿಡಿಯಿತು. ಉಂಡರೂ ಗುರುವಾರದ ಮಾತು, ಕೂತರೂ ಗುರುವಾರದ ಮಾತು. ಅಕ್ಕೋರು ಹೀಗಂದರು, ಅಕ್ಕೋರು ಹಾಗಂದರು. ಗುರುವಾರದವರೆಗೆ ಕಾಯಲಾರದೆ ದಿನಾ ಕೆಲಸ ಮುಗಿಸಿ ಅಕ್ಕೋರ ಕಟ್ಟೆಗೆ ಹೋಗಿ ಕೂರುತ್ತಿದ್ದೆ. ಅವರು ಎದ್ದು ಒಳಗೆ ಹೋದರೂ ಕಟ್ಟೆಯ ಮೇಲೆ ಒಬ್ಬನೇ ಕೂತಿರುತ್ತಿದ್ದೆ. ಮನೆ ಸರಸರ ಸಾಗುತ್ತಿತ್ತು. ನಾವು ಮದುವೆಯಾದ ಹೊಸತರಲ್ಲಿ ಇದ್ದ ಜಾಗ ಬಂತು, ಅಲ್ಲಿಯೂ ನಿಲ್ಲದೆ ಮುಂದೆ ಹೋಯಿತು. ನಾನು ಏಣಿ ಹತ್ತಿ ನನ್ನ ಮನೆಯ ತಂತಿಯನ್ನು ನಾನೇ ಉದ್ದ ಮಾಡುತ್ತಾ ಹೆಮ್ಮೆ ಪಡುತ್ತಿದ್ದೆ. ಒಂದು ಬೆಳಿಗ್ಗೆ ದಾಕ್ಷಾಯಣಿ ಬಾಗಿಲು ತೆರೆದರೆ ಎದುರಿಗೇ ಸುಭದ್ರಾ ಅಕ್ಕೋರು ತಮ್ಮ ಕಟ್ಟೆಯ ಮೇಲೆ ಹಲ್ಲುಜ್ಜುತ್ತಾ ನಿಂತಿದ್ದರು. ನಮ್ಮ ಕಟ್ಟೆಗೂ ಅವರ ಕಟ್ಟೆಗೂ ನಡುವೆ ಒಂದು ಬೆಕ್ಕು ಹಾಯುವಷ್ಟು ಜಾಗವಿತ್ತು.

ದಾಕ್ಷಾಯಣಿ ನನ್ನ ಕಡೆ ತಿರುಗಿದಳು. ಇಷ್ಟು ವರ್ಷದಲ್ಲಿ ಅವಳ ಕಣ್ಣಲ್ಲಿ ನೀರು ನೋಡಿದ್ದು ಅವತ್ತೇ. "ಮೊದಲ ತಿಮ್ಮಣ್ಣನ ಅಂಗಡಿ," ಎಂದಳು. "ಈಗ ಅಕ್ಕೋರ ಮನಿ. ನಮ್ಮನಿಗೆ ಯಾವಾಗ ಬರ್ತೀರಿ?"

ನಾನು ಕುಡಿದಿರಲಿಲ್ಲ, ತಪ್ಪು ಮಾಡಿರಲಿಲ್ಲ, ಆದರೂ ಕಳ್ಳನಂತೆ ಬಾಗಿಲ ಹಿಂದೆ ಸರಿದೆ. ಅಕ್ಕೋರು ಬಾಯಿ ಮುಕ್ಕಳಿಸಿ ಬಂದರು.

"ಏನಪಾ, ನನ್ನ ಗ್ವಾಡಿಗೆ ಅಂಟಿಕೊಳ್ಳಬೇಕಂತ ಮಾಡೀಯೇನು? ನಾವು ವಾರ ವಾರ ಜಾಗ ಯಾಕ ಬದಲಿ ಮಾಡ್ತೇವಿ ಅನ್ನೂದು ನಿನಗ ಇನ್ನೂ ತಿಳೀಲಿಲ್ಲ?" ಎಂದರು. "ಮೊದಲ ನಾವು ಗರಡಿಮನ್ಯಾಗ ಕೂಡ್ತಿದ್ವಿ. ಎಲ್ಲಾರಿಗೂ ನಿನ್ನಂಗ ಹುಚ್ಚು. ಬರಬರತ ಎಲ್ಲಾರ ಮನಿನೂ ಬಂದು ಗರಡಿ ಸುತ್ತ ನಿಂತು, ಪೈಲ್ವಾನರಿಗೆ ಒಳಗ ಹೋಗಾಕ ದಾರಿ ಇಲ್ದಂಗಾತು. ಎರಡು ಮನಿ ತಾಗೇ ಬಿಟ್ಟೂವು. ಪಾಪ, ಆ ಮನ್ಯಾಗಿನ ಹೆಣ್ಮಕ್ಕಳು ಇವತ್ತಿಗೂ ನನಗ ಬೈತಾರ."

"ಹಂಗಾರ ನಾ ಏನ ಮಾಡ್ಲಿರಿ?"

"ಗುರುವಾರ ನಮ್ಮ ಕಡೆ ಬಾ. ತಪ್ಪಿಸಬ್ಯಾಡ. ಉಳದ ದಿವಸ ಎಲ್ಲಿರಬೇಕು ಅನ್ನೂದು ಈಕಿನ್ನ ಕೇಳು." ಅಷ್ಟು ಹೇಳಿ ದಾಕ್ಷಾಯಣಿಯನ್ನು ಚಹಾಕ್ಕೆ ಕರೆದರು. ಅಕ್ಕೋರ ಅಂಗಳದಲ್ಲಿ ಒಂದು ಪಾರಿಜಾತದ ಮರವಿತ್ತು, ನೆಲದಲ್ಲೇ ಬೇರುಬಿಟ್ಟದ್ದು. ಕೆಳಗೆಲ್ಲ ಹೂವು ಬಿದ್ದಿದ್ದವು. ದಾಕ್ಷಾಯಣಿ ಚಹಾ ಕುಡಿಯುತ್ತಾ ಒಂದು ಕೈಯಿಂದ ಅದರ ಕಾಂಡವನ್ನು ಮುಟ್ಟಿ ನೋಡುತ್ತಿದ್ದಳು.

ಅವತ್ತಿನಿಂದ ಸಂಜೆ ಮನೆಯಲ್ಲಿರುವುದನ್ನು ಕಲಿಯಬೇಕಾಯಿತು. ಸುಲಭವಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ನನ್ನ ಮೈಯೆಲ್ಲ ಬಾಗಿಲಾಗಿಬಿಡುತ್ತಿತ್ತು, ಯಾವ ಕ್ಷಣಕ್ಕಾದರೂ ಹೊರಗೆ ಹೋಗಲು ಸಿದ್ಧ. ದಾಕ್ಷಾಯಣಿ ನನ್ನ ಮುಂದೆ ತಪ್ಪು ಹೊಲಿದ ಜಂಪರುಗಳನ್ನು ಒಗೆದು ಹೊಲಿಗೆ ಬಿಚ್ಚಲು ಹೇಳಿದಳು. ತಂತಿ ಎಳೆಯುವ ಕೈಗೆ ದಾರ ಎಳೆಯುವುದು ಬಂದೀತು ಎಂದು ಅವಳ ಲೆಕ್ಕ. ಮೊದಲ ದಿನ ಎರಡು ತೋಳು ಹರಿದೆ. ಆಮೇಲೆ ಪಳಗಿದೆ. ನಮ್ಮ ಫ್ಯಾನು ತಿರುಗುವಾಗ ಟಿಕ್ ಟಿಕ್ ಎನ್ನುತ್ತದೆ ಎಂಬುದು, ದಾಕ್ಷಾಯಣಿ ಯಂತ್ರ ತುಳಿಯುವಾಗ ಮೂಗಿನಲ್ಲೇ ಏನೋ ಹಾಡಿಕೊಳ್ಳುತ್ತಾಳೆ ಎಂಬುದು ನನಗೆ ಆಗ ಗೊತ್ತಾಯಿತು. ಫ್ಯಾನು ರಿಪೇರಿ ಮಾಡಿದೆ. ಹಾಡು ಯಾವುದೆಂದು ಕೇಳಿದರೆ, "ನಾ ಎಲ್ಲಿ ಹಾಡಿನಿ?" ಎಂದಳು.

ಒಂದು ಶನಿವಾರ ತಿಮ್ಮಣ್ಣನ ಅಂಗಡಿಯಲ್ಲಿ ಕರೆಂಟು ಹೋಯಿತು. ಕೆಲಸ ಎಂದ ಮೇಲೆ ಹೋಗಲೇಬೇಕು. ರಾಜೇಸಾಬನನ್ನು ಕರೆದೆ. "ಏಣಿ ನಾ ಹಿಡೀತೇನಿ, ನೀ ನಿನ್ನ ಕೈ ಹಿಡ್ಕೋ," ಎಂದು ಅವನು ಬಂದ. ವೈರು ಸುಟ್ಟಿತ್ತು, ಬದಲಿಸಿದೆ. ಇಳಿದು ಬರುವಷ್ಟರಲ್ಲಿ ತಿಮ್ಮಣ್ಣ ಹಳೆಯ ಮರ್ಯಾದೆಗೆ ಒಂದು ಗ್ಲಾಸು ತುಂಬಿಸಿ ಇಟ್ಟಿದ್ದ. ವಾಸನೆಗೆ ಬಾಯಲ್ಲಿ ನೀರೂರಿತು, ಸುಳ್ಳು ಯಾಕೆ ಹೇಳಲಿ. "ಬ್ಯಾಡ ತಿಮ್ಮಣ್ಣ," ಎಂದೆ. ಅವನು ಒತ್ತಾಯ ಮಾಡಲಿಲ್ಲ. "ಹಂಗಾರ ಕಿಟಕಿ ವಿಚಾರ ಬಿಟ್ಟಂಗ," ಎಂದು ಗ್ಲಾಸನ್ನು ಇನ್ನೊಬ್ಬನ ಮುಂದೆ ಸರಿಸಿದ. ಮರುದಿನ ನೋಡಿದರೆ ಮನೆ ಅಂಗಡಿಯ ಕಡೆಗೆ ಒಂದು ಗೇಣು ಸರಿದಿತ್ತು. ಕುಡಿಯದಿದ್ದರೂ ಆಸೆಪಟ್ಟಿದ್ದೆನಲ್ಲ, ಮನೆಗೆ ಅಷ್ಟು ಸಾಕು. ದಾಕ್ಷಾಯಣಿಗೆ ನಾನೇ ಮೊದಲು ಹೇಳಿದೆ, ಗುರುವಾರವೂ ಹೇಳಿದೆ. "ಗೇಣು ಏನು ಮಹಾ, ನಂದು ಮೊನ್ನೆ ಮೊಳ ಸರದಿತ್ತು," ಎಂದು ಟಯರಿನವನು ಚುರುಮುರಿ ಮುಂದೆ ಹಿಡಿದ.

ಹೀಗೆ ಅತ್ತ ಇತ್ತ ಜಗ್ಗಾಡುತ್ತಾ ಮನೆ ಕೊನೆಗೆ ಬಾವಿಯ ಹತ್ತಿರದ ಒಂದು ಬಯಲಿಗೆ ಬಂತು. ನೀರು ಹತ್ತಿರ ಇರಲಿ ಎಂದು ದಾಕ್ಷಾಯಣಿ ಮದುವೆಯಾದಾಗಿನಿಂದ ಆಸೆಪಟ್ಟ ಕಡೆ ಅದು. ಈ ಮನೆ ಅವಳ ಮಾತು ಕೇಳಿದ್ದು ಅದೇ ಮೊದಲು. ಅಲ್ಲಿ ಅಂಗಡಿಯಿಲ್ಲ, ಗುಡಿಯಿಲ್ಲ, ಸಂಜೆ ಎದ್ದು ಹೋಗಿ ಕೂರುವಂಥ ಯಾರ ಕಟ್ಟೆಯೂ ಇಲ್ಲ. ನಾನು ಕಂಬದಿಂದ ತಂತಿ ಎಳೆದು, ಎಲ್ಲರಿಗೂ ಬಿಡುವಂತೆ ನಮಗೂ ಒಂದಿಷ್ಟು ಸಡಿಲು ಬಿಟ್ಟೆ. ಆ ಸಡಿಲು ಬಿಗಿಯಾಗಲೇ ಇಲ್ಲ. ಮಳೆಗಾಲ ಹೋಯಿತು, ಚಳಿ ಬಂತು, ತಂತಿ ಹಾಗೇ ಜೋತುಬಿದ್ದಿತ್ತು, ಅದರ ಮೇಲೆ ಗುಬ್ಬಿಗಳು ಕೂರತೊಡಗಿದವು. ನಾನು ಗುರುವಾರಗಳನ್ನು ತಪ್ಪಿಸಲಿಲ್ಲ. ಕೂರಲು ಒಂದು ಮಣೆ ಮಾಡಿಕೊಂಡಿದ್ದೆ. ಉಳಿದ ಸಂಜೆ ಹೊಲಿಗೆ ಬಿಚ್ಚುತ್ತಿದ್ದೆ, ಈಗೀಗ ಗುಂಡಿಯನ್ನೂ ಹಚ್ಚುತ್ತೇನೆ. ದಾಕ್ಷಾಯಣಿ ದಿನಾ ಬೆಳಿಗ್ಗೆ ಬಾಗಿಲು ತೆರೆದು ತಂತಿಯನ್ನೊಮ್ಮೆ, ಬಾವಿಯನ್ನೊಮ್ಮೆ ನೋಡಿ ಒಳಗೆ ಬರುತ್ತಿದ್ದಳು. ಅವಳು ಏನು ನೋಡುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು. ಕೇಳುವ ಧೈರ್ಯವಿರಲಿಲ್ಲ.

ಮೊನ್ನೆ ಬುಧವಾರ ಬೆಳಿಗ್ಗೆ ನಾನು ಚಹಾ ಕುಡಿಯುತ್ತಿದ್ದೆ. ಅವಳು ಅಂಗಳದಿಂದ, "ರೀ, ಗುದ್ದಲಿ ಐತೇನು?" ಎಂದಳು.

ನಮ್ಮ ಮನೆಯಲ್ಲಿ ಗುದ್ದಲಿ ಎಲ್ಲಿಂದ ಬರಬೇಕು? ಊರಲ್ಲಿ ಯಾರ ಮನೆಯಲ್ಲೂ ಇರುವುದಿಲ್ಲ. ಕಂಬದ ಗುಂಡಿ ತೋಡುವ ಹಾರೆ ತಂದುಕೊಟ್ಟೆ. ಅವಳು ಬಾಗಿಲ ಬಲಗಡೆ ಎರಡು ಹೆಜ್ಜೆ ಬಿಟ್ಟು ಒಂದು ಜಾಗ ತೋರಿಸಿ, "ಇಲ್ಲಿ ತೋಡ್ರಿ," ಎಂದಳು. ತೋಡಿದೆ. ಬಣ್ಣದ ಡಬ್ಬಿಯನ್ನು ಅಡ್ಡ ಮಲಗಿಸಿ, ಬದಿಗೆ ತಟ್ಟಿ ತಟ್ಟಿ ಇಬ್ಬರೂ ಸೇರಿ ಗಿಡವನ್ನು ಈಚೆಗೆ ಎಳೆದೆವು. ಬೇರುಗಳು ಡಬ್ಬಿಯ ಆಕಾರಕ್ಕೇ ಸುತ್ತಿಕೊಂಡಿದ್ದವು. ದಾಕ್ಷಾಯಣಿ ಅವುಗಳನ್ನು ಬೆರಳಿನಿಂದ ಒಂದೊಂದಾಗಿ ಬಿಡಿಸಿ ಗುಂಡಿಯಲ್ಲಿಟ್ಟಳು, ಮಣ್ಣು ಎಳೆದು ಕಾಲಿನಿಂದ ಒತ್ತಿದಳು.

"ನೀರು ತರ್ರಿ," ಎಂದಳು. ತಂದೆ. ಬುಡಕ್ಕೆ ಹಾಕಿದೆ, ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಖಾಲಿ ಡಬ್ಬಿಯನ್ನು ಕೈಯಲ್ಲಿ ಎತ್ತಿಕೊಂಡು ತಿರುಗಿಸಿ ನೋಡಿದಳು.

"ಇದನ್ನ ಗುಜರಿಗೆ ಹಾಕೂಣೇನು?"

"ಬ್ಯಾಡ," ಎಂದೆ. "ತೊಳದು ಇಡು. ನಾಳೆ ಗುರುವಾರ. ಹೊಸಬರು ಯಾರರ ಬಂದ್ರ ಕುಂದ್ರಾಕ ಬೇಕಾಗ್ತೈತಿ."